ಬಂಗುಡೆ ಸಾರಿನ ಪತ್ರ

ನಿನ್ನೆ ಸಂಜೆ ಗೇಟಿನ ಪಕ್ಕದ ನಲ್ಲಿಯ ಹತ್ತಿರ ನಿಂಬೆಹಣ್ಣಿನ ವಾಸನೆ ಬಂತು. ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿ ಅರ್ಧ ಹೋಳು ನಿಂಬೆಯನ್ನು ಬೆರಳ ಸಂದಿಗಳಿಗೆಲ್ಲ ಉಜ್ಜಿ, ತೊಳೆದು, ಮೂಸಿ ನೋಡಿ, ಮತ್ತೆ ಉಜ್ಜಿಕೊಳ್ಳುತ್ತಿದ್ದಳು. ಆಕೆ ಉಡುಪಿ ಕಡೆಯವಳು, ಇಲ್ಲಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ನನ್ನನ್ನು ಕಂಡದ್ದೇ ತಡ, ಹೋಳನ್ನು ಬೆನ್ನ ಹಿಂದೆ ಬಚ್ಚಿಟ್ಟು, ಹೊರಗೆ ಊಟ ಮಾಡಿ ಬಂದೆ ಆಂಟಿ ಅಂದಳು. ನಾನೇನೂ ಕೇಳಿರಲಿಲ್ಲ. ಸುಮ್ಮನೆ ನಕ್ಕೆ, ಆಕೆ ಮೆಟ್ಟಿಲು ಹತ್ತಿ ಹೋದಳು.

ಆಕೆ ಹೋದರೂ ವಾಸನೆ ಹೋಗಲಿಲ್ಲ. ಆ ವಾಸನೆಯ ಜೊತೆ ನಾನು ಕುರುಗೋಡಿಗೆ ಹೋದೆ, ನನ್ನ ತವರುಮನೆಯ ಬಚ್ಚಲಿನ ಬಾಗಿಲಿಗೆ. ಅಲ್ಲಿಯೂ ಒಬ್ಬರು ಹೀಗೆಯೇ ನಿಂಬೆ ಉಜ್ಜಿ ಕೈ ತೊಳೆಯುತ್ತಿದ್ದರು... ಅವರನ್ನು ನೆನೆದಾಗಲೆಲ್ಲ, ಮೊಮ್ಮಕ್ಕಳನ್ನು ಕಂಡ ಈ ವಯಸ್ಸಿನಲ್ಲೂ, ನನ್ನ ಮುಖ ಬಿಸಿಯಾಗುತ್ತದೆ.

ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಅವರಿಗೆ ಹೆಸರಿತ್ತು ನಿಜ, ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಹಿಡಿದು ಕರೆದದ್ದಿಲ್ಲ. ನಮ್ಮದು ಬೀದಿಗೆ ಮುಖ ಮಾಡಿದ ದೊಡ್ಡ ಮನೆ. ಅದರ ಒಂದು ಬದಿಯ ಕೋಣೆ ಮತ್ತು ಸಣ್ಣ ಅಡಿಗೆಮನೆಯನ್ನು ಅಪ್ಪ ಅವರಿಗೆ ಬಾಡಿಗೆಗೆ ಕೊಟ್ಟಿದ್ದ. ನಲವತ್ತರ ಆಸುಪಾಸಿನ, ಮದುವೆಯಾಗದ, ಕಡಲ ಕಡೆಯಿಂದ ಬಂದ ಹೆಂಗಸು. ಅವರು ಮೀನು ತಿನ್ನುವವರು ಎಂಬುದು ಅಪ್ಪನಿಗೆ ಮೊದಲ ದಿನವೇ ಗೊತ್ತಿತ್ತು, ಯಾಕೆಂದರೆ ಅವರೇ ಹೇಳಿದ್ದರು. ನಮ್ಮದು ಲಿಂಗ ಕಟ್ಟಿದವರ ಮನೆ. ಅಪ್ಪ ಕ್ಷಣ ಹೊತ್ತು ಯೋಚಿಸಿ ಹೇಳಿದ ಮಾತು ನನಗೆ ಈಗಲೂ ಬಾಯಿಪಾಠವಾಗಿದೆ.

"ನಿಮ್ಮ ಊರಾಗ ಏನರ ತಿನ್ರಿ, ನಮ್ಮ ಮನ್ಯಾಗ ಮಾತ್ರ ಬ್ಯಾಡ್ರಿ."

ಅಕ್ಕೋರು ಒಪ್ಪಿದರು, ಮಾತಿಗೆ ತಪ್ಪಲೂ ಇಲ್ಲ. ರಜೆಗೆ ಊರಿಗೆ ಹೋದಾಗ ಮಾತ್ರ ಉಂಡು ಬರುತ್ತಿದ್ದರು. ವಾಪಸು ಬಂದ ದಿನ ಬಸ್ಸಿನಿಂದ ಇಳಿದವರು ನೇರವಾಗಿ ಬಚ್ಚಲಿಗೆ ಹೋಗಿ ನಿಂಬೆ ಉಜ್ಜಿ ಕೈ ತೊಳೆದ ಮೇಲೆಯೇ ನಮ್ಮ ಕೂಡ ಮಾತು. ಹಿಂದಿನ ದಿನ ಉಂಡದ್ದರ ವಾಸನೆ ಅಷ್ಟು ದೂರ ಎಲ್ಲಿಂದ ಬರಬೇಕು? ಅದು ನಮ್ಮ ಸಲುವಾಗಿ ಮಾಡುತ್ತಿದ್ದ ಶಾಸ್ತ್ರ. ಅವ್ವ ನಗುತ್ತಾ, ತವರಿನ ಊಟ ಜೋರಿತ್ತೇನು ಎಂದು ಕೇಳುವಳು. ಅವರೂ ನಗುವರು. ಹೀಗೆ ನಮ್ಮ ಮನೆಯ ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ನನಗೆ ಸಿರುಗುಪ್ಪದ ಅಕ್ಕಿ ವ್ಯಾಪಾರದ ಮನೆಯೊಂದರಲ್ಲಿ ಸಂಬಂಧ ನಿಶ್ಚಯವಾಯಿತು. ಮದುವೆಗೆ ಇನ್ನೂ ಕೆಲವು ತಿಂಗಳಿತ್ತು. ಹುಡುಗ ಕಾಲೇಜು ಓದಿದವರೆಂದು, ಇಬ್ಬರೂ ಪತ್ರ ಬರೆದುಕೊಳ್ಳಲಿ ಎಂದು ಹಿರಿಯರೇ ಒಪ್ಪಿದ್ದರು. ಹಗಲೂ ರಾತ್ರಿ ಅಂಚೆಯವನ ದಾರಿ ಕಾದೆ. ಕೊನೆಗೊಂದು ದಿನ ಪತ್ರ ಬಂತು. ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು, ಈ ಸಲ ಸೋನಾ ಮಸೂರಿ ಚೆನ್ನಾಗಿ ಬಂದಿದೆ, ತಮ್ಮ ತಂದೆಯವರಿಗೆ ನಮಸ್ಕಾರಗಳು. ಅಷ್ಟೇ. ಇನ್ನೇನಾದರೂ ಇದ್ದೀತೇ ಎಂದು ಹಾಳೆ ತಿರುವಿದೆ. ಹಿಂದುಗಡೆ ಅಂಗಡಿಯ ಹೆಸರು ಅಚ್ಚಾಗಿತ್ತು.

ಆ ಪತ್ರ ನೋಡಿ ಅಳು ಬಂದಿತ್ತೋ ನಗು ಬಂದಿತ್ತೋ ಈಗ ಸರಿಯಾಗಿ ನೆನಪಿಲ್ಲ. ಅದೇ ದಿನಗಳಲ್ಲಿ ಅಕ್ಕೋರು, ಹೊತ್ತು ಹೋಗಲಿ ಎಂದು ಒಂದು ಹಳೆಯ ಕಾದಂಬರಿ ಕೊಟ್ಟಿದ್ದರು. ಮೊದಲಿನಿಂದ ಕೊನೆಯವರೆಗೂ ಬರೀ ಪತ್ರಗಳೇ. ಕಡಲ ದಂಡೆಯ ಹಳ್ಳಿಯೊಂದರಲ್ಲಿ ಹುಡುಗಿ, ಮುಂಬಯಿಯ ಯಾವುದೋ ಕಚೇರಿಯಲ್ಲಿ ಹುಡುಗ. ಅವಳು ಬರೆದರೆ ಅವನು ಬರೆಯುವನು, ಅವನು ಬರೆಯದಿದ್ದರೂ ಅವಳು ಬರೆಯುವಳು. ಪುಟಕ್ಕೆರಡು ನಿಟ್ಟುಸಿರು. ಅರ್ಧ ಪುಸ್ತಕ ಮುಗಿದರೂ ಒಬ್ಬರು ಇನ್ನೊಬ್ಬರ ಕೈ ಹಿಡಿದದ್ದಿಲ್ಲ. ಹಳೇ ಕಾಲದ್ದು, ಓದಿ ನಗಬೇಡ ಮಾರಾಯ್ತಿ ಎಂದು ಹೇಳಿಯೇ ಅಕ್ಕೋರು ಕೊಟ್ಟಿದ್ದರು. ನಾನು ನಗಲಿಲ್ಲ. ಮಧ್ಯಾಹ್ನ ಅವ್ವ ಮಲಗಿದಾಗ ಓದಿ ಓದಿ ಆ ಹುಡುಗಿಯೇ ಆಗಿಬಿಟ್ಟೆ. ಆಮೇಲೆ ಹಾಳೆ ತೆಗೆದುಕೊಂಡು ಅವಳ ಪತ್ರವನ್ನು ಹಾಗೆಯೇ ಇಳಿಸಿ ಸಿರುಗುಪ್ಪಕ್ಕೆ ಕಳಿಸಿದೆ.

ಹಾಗೆಯೇ ಅಂದರೆ ಪೂರ್ತಿ ಹಾಗೆಯೇ ಅಲ್ಲ. ನಾನೂ ಜಾಣೆಯೇ. ಕುರುಗೋಡಿನಲ್ಲಿ ಕಡಲು ಎಲ್ಲಿಂದ ತರಲಿ? ಕಡಲು ಅಂತ ಇದ್ದಲ್ಲೆಲ್ಲ ಗುಡ್ಡ ಅಂತ ಹಾಕಿದೆ. ರಾತ್ರಿಯೆಲ್ಲ ಗುಡ್ಡದ ಮೊರೆತ ಕೇಳುತ್ತಾ ನಿಮ್ಮನ್ನೇ ನೆನೆದೆ ಎಂದು ಬರೆದೆ. ನಮ್ಮೂರಿನ ಬಂಡೆಗುಡ್ಡ ಮೊರೆದದ್ದನ್ನು ನನಗಿಂತ ಮೊದಲು ಯಾರೂ ಕೇಳಿರಲಿಕ್ಕಿಲ್ಲ. ಆದರೆ ಸಿರುಗುಪ್ಪದವರು ಅದಕ್ಕೆ ಬಿದ್ದರು. ಅವರ ಪತ್ರದಲ್ಲಿ ಅಕ್ಕಿಯ ಸುದ್ದಿ ಕಡಿಮೆಯಾಗುತ್ತಾ ಬಂತು. ನಿಮ್ಮ ಗುಡ್ಡದ ಬಗ್ಗೆ ಇನ್ನಷ್ಟು ಬರೆಯಿರಿ ಎಂದು ಕೇಳಿದರು. ನಾನು ಪುಸ್ತಕ ತೆರೆದೆ, ಬರೆದೆ.

ಹೀಗೆ ಬರೆಯುತ್ತಾ ಪುಸ್ತಕದ ಒಂದು ಪತ್ರಕ್ಕೆ ಬಂದೆ. ಅದರಲ್ಲಿ ಹುಡುಗಿ ತಾನು ಮಾಡಿದ ಅಡಿಗೆಯ ಸುದ್ದಿ ಹೇಳುತ್ತಾಳೆ. ಇಂದು ಬಂಗುಡೆ ಸಾರು ಮಾಡಿದ್ದೆ, ನೀವಿದ್ದಿದ್ದರೆ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಿರಿ, ನಿಮ್ಮನ್ನು ಬಿಟ್ಟು ಉಂಡದ್ದು ಗಂಟಲಲ್ಲಿ ಇಳಿಯಲಿಲ್ಲ ಅಂತ. ಎಂಥ ಮನೆಮಾತು, ಎಷ್ಟು ಪ್ರೀತಿ. ನನಗೆ ಬಲು ಹಿಡಿಸಿತು. ಬಂಗುಡೆ ಅಂದರೆ ಏನೋ ಕಾಯಿಪಲ್ಲೆ ಇರಬೇಕು ಅಂದುಕೊಂಡೆ. ಬದನೆ ಇದೆ, ಬೆಂಡೆ ಇದೆ, ಬಂಗುಡೆ ಯಾಕಿರಬಾರದು? ಪುಸ್ತಕದಲ್ಲಿ ಎಲ್ಲಿಯೂ ಅದು ಇಂಥದ್ದು ಎಂದು ಹೇಳಿರಲಿಲ್ಲ. ಆ ಕಡೆಯವರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಅಕ್ಕೋರನ್ನು ಕೇಳೋಣವೆಂದರೆ ಕದ್ದು ಬರೆಯುವುದು ಬಯಲಾಗುತ್ತದೆ. ಅಕ್ಷರವನ್ನೂ ಬದಲಿಸದೆ ಬರೆದು ಡಬ್ಬಿಗೆ ಹಾಕಿದೆ.

ಮುಂದಾದದ್ದನ್ನು ನನ್ನ ಗಂಡ ಮದುವೆಯಾದ ಮೇಲೆ ಹೇಳಿದರು. ಅವರಿಗೂ ಬಂಗುಡೆ ಏನೆಂದು ಗೊತ್ತಿರಲಿಲ್ಲ. ಹುಡುಗಿಗೆ ಅಷ್ಟು ಇಷ್ಟವಾದ ಪದಾರ್ಥ, ಬೇಸಿಗೆಯಲ್ಲಿ ಕುರುಗೋಡಿನಲ್ಲಿ ಸಿಗುತ್ತದೋ ಇಲ್ಲವೋ, ತಾನೇ ಒಂದಿಷ್ಟು ತರಿಸಿ ಕಳಿಸಿದರೆ ಖುಷಿಪಟ್ಟಾಳು ಎಂದುಕೊಂಡರಂತೆ. ಯಾರನ್ನೋ ಕೇಳಿ ಅದು ಮಂಗಳೂರಲ್ಲಿ ಸಿಗುತ್ತದೆ ಎಂದಷ್ಟೇ ತಿಳಿದುಕೊಂಡು, ಆ ಕಡೆ ಅಕ್ಕಿ ಲೋಡು ಒಯ್ಯುತ್ತಿದ್ದ ಲಾರಿ ಡ್ರೈವರನಿಗೆ, ಬರುವಾಗ ಒಳ್ಳೆ ಬಂಗುಡೆ ಹಿಡಿದುಕೊಂಡು ಬಾ ಎಂದು ಹೇಳಿದರು. ಡ್ರೈವರನಿಗೆ ತನ್ನ ಕಿವಿಯ ಮೇಲೆಯೇ ಅನುಮಾನ. ಆದರೆ ಸಣ್ಣ ಸಾಹುಕಾರರ ಗುಟ್ಟು ತನಗೇಕೆ ಎಂದು, ದಾರಿಯಲ್ಲಿ ಕೆಡದ ಹಾಗೆ ಒಣಗಿಸಿದ್ದನ್ನೇ ತಂದ. ಅವನು ಬಂದಾಗ ಅಂಗಡಿಯಲ್ಲಿ ಸಣ್ಣ ಸಾಹುಕಾರರು ಇರಲಿಲ್ಲ, ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಬಳಿದುಕೊಂಡು ದೊಡ್ಡ ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ಪೊಟ್ಟಣ ಅವರ ಕೈಗೆ ಹೋಯಿತು. ಅವರು ಬಿಚ್ಚಿದರು.

ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಮೂವರು ಬಂದರು. ನನ್ನ ಮಾವನಾಗಬೇಕಾದವರು, ಅತ್ತೆಯಾಗಬೇಕಾದವರು, ಅತ್ತೆಯ ತಮ್ಮ. ಜಮಖಾನೆಯ ಮೇಲೆ ಕೂತರು. ಅವ್ವ ತಂಬಿಗೆಯಲ್ಲಿ ನೀರು ತಂದಿಟ್ಟರೆ ಯಾರೂ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ನೀರು ಮುಟ್ಟದೆ ಕೂತ ನೆಂಟರನ್ನು ನಾನು ಅಂದೇ ಮೊದಲು ನೋಡಿದ್ದು. ಅಪ್ಪನ ಮುಖದ ಬಣ್ಣ ಹೋಯಿತು. ಹುಡುಗನಿಂದ ಕಸಿದು ತಂದಿದ್ದ ನನ್ನ ಪತ್ರವನ್ನು ಅತ್ತೆಯ ತಮ್ಮ ಜೇಬಿನಿಂದ ತೆಗೆದು ಓದಲು ಶುರು ಮಾಡಿದರು. ಗುಡ್ಡದ ಮೊರೆತ, ಬರಿದಾದ ರಾತ್ರಿ, ತುಂಬಿದ ಕಣ್ಣು, ಎಲ್ಲವನ್ನೂ ತಹಸೀಲ್ದಾರ ಕಚೇರಿಯ ನೋಟೀಸು ಓದುವವರ ಹಾಗೆ, ಒಂದು ಅಕ್ಷರ ಬಿಡದೆ ಓದಿದರು. ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಂಗುಡೆಯ ಸಾಲಿಗೆ ಬಂದು ನಿಲ್ಲಿಸಿ, ಬಂಗುಡೆ ಅಂದರೆ ಗೊತ್ತೇನ್ರಿ ಎಂದು ಅಪ್ಪನನ್ನು ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ಅವರೇ ಹೇಳಿದರು.

ಮೀನು ಅಂದದ್ದು ಕೇಳಿ ಅವ್ವ ಗೋಡೆಗೆ ಒರಗಿದಳು. ಲಿಂಗವಂತರ ಹುಡುಗಿ ಮೀನು ಬೇಯಿಸಿ ಉಂಡು ಅದನ್ನು ಗಂಡಾಗುವವನಿಗೆ ಬರೆದು ಬೇರೆ ಕಳಿಸಿದ್ದಾಳೆ! ಸಂಬಂಧ ಮುರಿಯುವುದಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತು ಬಳ್ಳಾರಿಯ ತನಕ ಹೋದರೆ ಅಪ್ಪ ನಾಲ್ಕು ಜನರ ನಡುವೆ ತಲೆ ಎತ್ತುವ ಹಾಗಿರಲಿಲ್ಲ, ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ನಾನು ಹೊರಗೆ ಬಂದೆ.

"ಅದು ನಂದಲ್ಲರಿ. ಅಕ್ಕೋರ ಪುಸ್ತಕದಾಗ ಇತ್ತು, ನೋಡ್ಕೊಂಡು ಬರದೀನಿ. ಮೀನಂತ ನನಗ ಗೊತ್ತಿರ್ಲಿಲ್ರಿ."

ಪುಸ್ತಕ ತಂದು ಕೊಟ್ಟೆ. ಅತ್ತೆಯ ತಮ್ಮ ಪತ್ರವನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದರು. ಕಡಲು ಗುಡ್ಡವಾದದ್ದು ಕಂಡಾಗ ಅತ್ತೆ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. ಬಿಗಿದುಕೊಂಡಿದ್ದ ಮುಖಗಳು ಸಡಿಲವಾದವು. ನನ್ನ ಪ್ರೇಮವೆಲ್ಲ ಕಾಪಿ ಹೊಡೆದದ್ದೆಂದು ಹಿರಿಯರ ಎದುರು ರುಜುವಾತಾಯಿತು. ಬದುಕಿನಲ್ಲಿ ಇದಕ್ಕಿಂತ ದೊಡ್ಡ ನಾಚಿಕೆ ಇನ್ನು ಬರಲಾರದು ಎಂದುಕೊಂಡೆ. ಬಂತು, ಅದೇ ಜಮಖಾನೆಯ ಮೇಲೆ, ಸ್ವಲ್ಪ ಹೊತ್ತಿಗೇ.

ಈ ಅಕ್ಕೋರು ಯಾರು ಎಂದು ಮಾವ ಕೇಳಿದರು. ಅಪ್ಪ ಅವರನ್ನು ಕರೆಸಿದ. ರಜೆಯ ದಿನ, ಪಕ್ಕದ ಕೋಣೆಯಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದವರು ಕೆಂಪು ಪೆನ್ನು ಹಿಡಿದುಕೊಂಡೇ ಬಂದರು. ತಮ್ಮ ಪುಸ್ತಕ ಅತ್ತೆಯ ತಮ್ಮನ ತೊಡೆಯ ಮೇಲೆ ಇದ್ದದ್ದನ್ನು ನೋಡಿದರು. ನೀವು ಮೀನು ತಿನ್ನುವವರೇನು ಎಂದು ಮಾವ ಕೇಳಿದಾಗ ತಡವರಿಸಲಿಲ್ಲ. ಹೌದು, ಊರಿಗೆ ಹೋದಾಗ ಮಾತ್ರ, ಇಲ್ಲಿ ಒಂದು ದಿನವೂ ಮಾಡಿಲ್ಲ ಎಂದರು. ಮಾವ ಅವರನ್ನು ಅಲ್ಲಿಗೇ ಬಿಟ್ಟು ಅಪ್ಪನ ಕಡೆ ತಿರುಗಿದರು.

"ಗೊತ್ತಿದ್ದೂ ಮನಿ ಕೊಟ್ಟೀರೇನ್ರಿ?"

ಅಪ್ಪ ಕೆಟ್ಟವನಲ್ಲ. ಇದನ್ನು ನಾನು ಮಗಳೆಂದು ಹೇಳುತ್ತಿಲ್ಲ. ಅಕ್ಕೋರಿಗೆ ಜ್ವರ ಬಂದಾಗ ರಾತ್ರಿಯೇ ಡಾಕ್ಟರನ್ನು ಕರೆತಂದವನು ಅವನೇ, ಒಂಟಿ ಹೆಂಗಸು ಎಂದು ಬಾಡಿಗೆ ಏರಿಸದೆ ಇದ್ದವನೂ ಅವನೇ. ಅಂಥ ಅಪ್ಪ ಮುಟ್ಟದೆ ಇಟ್ಟ ತಂಬಿಗೆಯನ್ನೇ ನೋಡುತ್ತಾ ಹೇಳಿದ.

"ಇಲ್ಲರಿ. ನಮಗ ಗೊತ್ತಾ ಇರ್ಲಿಲ್ಲ. ಹೇಳಲಾರದ ಸೇರ್ಕೊಂಡಾರ."

ಅವ್ವ ನೆಲ ನೋಡಿದಳು. ಈಗ ತಾನೇ ಎಲ್ಲರೆದುರು ಬಾಯಿ ಬಿಟ್ಟಿದ್ದವಳು ನಾನು. ನನ್ನನ್ನು ಉಳಿಸಿಕೊಳ್ಳುವುದಕ್ಕೆ ಬಂದ ಮಾತು ಆಗ ಎಲ್ಲಿ ಹೋಯಿತೋ... ಅಕ್ಕೋರು ಅಪ್ಪನನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಒಂದು ಮಾತು, ನಾನು ಮೊದಲ ದಿನವೇ ಹೇಳಿದ್ದೆನಲ್ಲ ಎಂಬ ಒಂದೇ ಮಾತು ಅವರ ಬಾಯಿಂದ ಬಂದಿದ್ದರೆ, ಸುಳ್ಳುಗಾರರ ಮನೆಯ ಹೆಣ್ಣು ಎಂದು ನೆಂಟರು ಎದ್ದು ಹೋಗುತ್ತಿದ್ದರು. ಅದು ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಹೌದು. ನಾನು ಹೇಳಿರ್ಲಿಲ್ಲ" ಎಂದರು ಅಕ್ಕೋರು. "ತಪ್ಪಾಯ್ತು."

ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಅಪ್ಪ ಎಲ್ಲರ ಎದುರಿಗೇ ಹೇಳಿದ. ಅವರು ತಲೆಯಾಡಿಸಿ, ಪುಸ್ತಕವನ್ನು ಕೇಳಿ ತೆಗೆದುಕೊಂಡು ಕೋಣೆಗೆ ಹೋದರು. ನೆಂಟರು ನೀರು ಕುಡಿದರು. ಅವ್ವ ಒಲೆಯ ಮೇಲೆ ಉಪ್ಪಿಟ್ಟಿಗೆ ಇಟ್ಟಳು.

ಅಕ್ಕೋರು ತಿಂಗಳ ಕೊನೆಯವರೆಗೆ ಕಾಯಲಿಲ್ಲ. ಕುರುಗೋಡಿನಲ್ಲಿ ಸುದ್ದಿ ಹರಡಿ ಬೇರೆ ಯಾರೂ ಮನೆ ಕೊಡಲಿಲ್ಲ. ಬಳ್ಳಾರಿಯಲ್ಲಿ ಒಂದು ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಶಾಲೆಗೆ ಬಂದು ಹೋಗುತ್ತಿದ್ದರು. ಸಾಮಾನು ಸಾಗಿಸುವ ದಿನ ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಹಾಸಿಗೆಯ ಸುರುಳಿಯ ಒಂದು ತುದಿ ಹಿಡಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಹಗ್ಗ ಬಿಗಿಯುತ್ತಾ ಅಂದದ್ದು ಇಷ್ಟೇ.

"ನೋಡಿ ಬರೆಯುವಾಗ ಅರ್ಥ ಕೇಳ್ಬೇಕು ಮಾರಾಯ್ತಿ."

ಅದೂ ನಗುನಗುತ್ತಲೇ. ತರಗತಿಯಲ್ಲಿ ದಡ್ಡ ಮಕ್ಕಳಿಗೆ ಹೇಳುವ ಧಾಟಿಯಲ್ಲಿ. ಇವತ್ತಿಗೂ ಆ ನಗುವನ್ನು ನೆನೆದರೆ ನನಗೆ ತಲೆ ಎತ್ತಲಾಗುವುದಿಲ್ಲ. ನನ್ನ ಮದುವೆಯ ಲಗ್ನಪತ್ರಿಕೆ ಊರಿನ ಮನೆಮನೆಗೆ ಹೋಯಿತು, ಶಾಲೆಯ ಜವಾನನಿಗೂ ಹೋಯಿತು. ಅವರಿಗೆ ಹೋಗಲಿಲ್ಲ. ಬರೆಯೋಣವೇ ಎಂದು ನಾನು ಕೇಳಲೂ ಇಲ್ಲ.

ಮದುವೆಯಾದ ಹೊಸತರಲ್ಲಿ, ನಾವಿನ್ನೂ ಸಿರುಗುಪ್ಪದಲ್ಲಿದ್ದಾಗ, ಗಂಡ ಒಮ್ಮೆ, ಆ ಪತ್ರಗಳಲ್ಲಿ ನಿನ್ನದು ಅಂತ ಒಂದು ಸಾಲಾದರೂ ಇತ್ತೇ ಎಂದು ಕೇಳಿದರು. ಗುಡ್ಡ ನನ್ನದು ಅಂದೆ. ಅವರು ಬಿದ್ದು ಬಿದ್ದು ನಕ್ಕರು. ಈ ಕಥೆ ನಮ್ಮ ಮನೆಯಲ್ಲಿ ಮದುವೆ ಮುಂಜಿಗಳಲ್ಲಿ, ಮಕ್ಕಳು ಮೊಮ್ಮಕ್ಕಳು ಸೇರಿದಾಗ ಹೇಳುವ ತಮಾಷೆಯಾಗಿದೆ. ಗುಡ್ಡದ ಮೊರೆತ, ಒಣಮೀನಿನ ಪೊಟ್ಟಣ, ಅಷ್ಟಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಅಕ್ಕೋರು ಬರುವ ಭಾಗವನ್ನು ಯಾರೂ ಹೇಳುವುದಿಲ್ಲ. ನಾನೂ ಹೇಳಿದ್ದಿಲ್ಲ, ಎಲ್ಲರ ಜೊತೆ ನಕ್ಕಿದ್ದೇನೆ.

ಅವರು ಮುಂದೆ ತಮ್ಮ ಊರಿನ ಕಡೆಗೆ ವರ್ಗ ಮಾಡಿಸಿಕೊಂಡು ಹೋದರಂತೆ. ಹೋದ ವರ್ಷ ಶಾಲೆಯ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೆಳಗೆ ಓಂ ಶಾಂತಿ ಎಂದಿತ್ತು. ಒಬ್ಬೊಬ್ಬರಾಗಿ ಕೈಮುಗಿದ ಚಿತ್ರ ಹಾಕುತ್ತಿದ್ದರು. ನಾಲ್ಕು ಮಾತು ಬರೆಯಬೇಕೆಂದು ಕೂತೆ. ನಮ್ಮ ಮನೆಯಲ್ಲಿದ್ದರು ಎಂದು ಬರೆದೆ, ಅಳಿಸಿದೆ. ನನ್ನ ಸಲುವಾಗಿ ಎಂದು ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ನಾನೂ ಕೈಮುಗಿದ ಚಿತ್ರವನ್ನೇ ಒತ್ತಿದೆ. ಕ್ಷಮೆ ಕೇಳುವುದಕ್ಕೆ ಇನ್ನು ಯಾರೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮೇಲಿನ ಮನೆ ನೋಡಲು ಆ ಹುಡುಗಿ ಬಂದಾಗ ನಾನೇನು ಮಾಡಿದೆ? ಗಂಡ ಅಂಗಡಿಯಲ್ಲಿದ್ದರು, ಮನೆ ತೋರಿಸಿದವಳು ನಾನೇ. ಯಾವ ಊರು ಎಂದು ಕೇಳಿದೆ. ಉಡುಪಿಯ ಹತ್ತಿರ ಅಂದಳು. ನನ್ನ ಬಾಯಿಂದ ಅಪ್ಪನ ಮಾತು ಅಪ್ಪನ ದನಿಯಲ್ಲೇ ಹೊರಬಿತ್ತು. ಆ ಮಾತನ್ನು ಯಾವ ಪುಸ್ತಕವನ್ನೂ ನೋಡಿ ಹೇಳಬೇಕಾಗಿರಲಿಲ್ಲ. ಹುಡುಗಿ ಥಟ್ಟನೆ, ಇಲ್ಲ ಆಂಟಿ, ಮನೆಯಲ್ಲಿ ಖಂಡಿತ ಮಾಡುವುದಿಲ್ಲ ಅಂದಳು. ಎಷ್ಟು ಮನೆಗಳಲ್ಲಿ ಹೇಳಿ ಹೇಳಿ ರೂಢಿಯಾಗಿತ್ತೋ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಮಹಡಿ ಹತ್ತಿದೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಹುಡುಗಿ ಕಣ್ಣುಜ್ಜುತ್ತಾ ಬಾಗಿಲು ತೆಗೆದಳು. ಒಳಗೆ ಕರೆದಳು, ನಾನು ಹೊಸ್ತಿಲಲ್ಲೇ ನಿಂತೆ.

"ನಿನಗ ಬೇಕಾದ್ದು ಮನ್ಯಾಗ ಮಾಡ್ಕೊಂಡು ಉಣ್ಣವಾ. ಮೀನಾದ್ರೂ ಮಾಡ್ಕೊ. ನಂದೇನೂ ತಕರಾರಿಲ್ಲ."

ಅವಳ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದು ಕಾದೆ. ನಿದ್ದೆ ಪೂರ್ತಿ ಹಾರಿ ಹೋದದ್ದು ಕಂಡಿತು.

"ವಾಸನೆ ಬಂತಾ ಆಂಟಿ? ದೇವರಾಣೆ ನಾನಿಲ್ಲಿ ಏನೂ ಮಾಡ್ಲಿಲ್ಲ. ಬೇಕಾದ್ರೆ ಒಳಗೆ ಬಂದು ಪಾತ್ರೆ ನೋಡಿ."

ಹಾಗಲ್ಲ ಎಂದೆ. ಪರೀಕ್ಷೆ ಮಾಡಲು ಬಂದಿಲ್ಲ, ಮನೆ ಬಿಡಿಸಲು ಬಂದಿಲ್ಲ, ಮನಸಾರೆ ಹೇಳುತ್ತಿದ್ದೇನೆ ಎಂದೆ. ಆಯ್ತು ಆಂಟಿ, ಆಯ್ತು ಆಂಟಿ ಎನ್ನುತ್ತಾ ಅವಳು ಪ್ರತಿ ಮಾತಿಗೂ ತಲೆಯಾಡಿಸಿದಳು. ಕೊನೆಗೆ, ಒಂದು ತಿಂಗಳು ಸಮಯ ಕೊಡಿ ಎಂದು ಮೆಲ್ಲಗೆ ಕೇಳಿದಳು. ಮೆಟ್ಟಿಲಿಳಿದು ಬರುತ್ತಿರುವಾಗ ಮೇಲೆ ಅವಳು ಫೋನಿನಲ್ಲಿ ಯಾರಿಗೋ, ಎಲ್ಲಾದರೂ ಒಂದು ಕೋಣೆ ಖಾಲಿಯಿದ್ದರೆ ಹೇಳು ಎನ್ನುತ್ತಿದ್ದದ್ದು ಕೇಳಿಸಿತು.